ಮನೆಯೊಳಗಿನ ರಸ್ತೆ

ಕನ್ನಡಕದ ಅಂಗಡಿಯಲ್ಲಿ ಅವಳ ಕೆಲಸವೇ ಅದು. ಹಿಂದಿನ ಕತ್ತಲೆ ಕೋಣೆಯಲ್ಲಿ ಎದುರು ಕೂತವರ ಕಣ್ಣಿಗೆ ಒಂದು ಗಾಜು ಹಿಡಿಯುವುದು, ಅದನ್ನು ತೆಗೆದು ಇನ್ನೊಂದು ಹಿಡಿಯುವುದು, "ಯಾವುದರಲ್ಲಿ ಚೆನ್ನಾಗಿ ಕಾಣ್ತಿದೆ? ಇದಾ, ಇದಾ?" ಎಂದು ಕೇಳುವುದು. ಬಾಯಿಬಡುಕ ವಕೀಲರು, ತುಟಿ ಪಿಟಕ್ಕೆನ್ನದ ಮಕ್ಕಳು, ಕಿವಿ ಕೇಳದ ಅಜ್ಜಂದಿರು, ಎಲ್ಲರೂ ಕೊನೆಗೆ ಯಾವುದೋ ಒಂದನ್ನು ಆರಿಸಿ ಎದ್ದು ಹೋಗಿದ್ದರು. ಆರಿಸದೆ ಹೋದವನು ಒಬ್ಬನೇ. ಅವನನ್ನೇ ಅವಳು ಮದುವೆಯಾದಳು.

ಅವನು ರಸ್ತೆಗೆ ಗೆರೆ ಎಳೆಯುವವನು. ವಾಹನಗಳು ಕಡಿಮೆಯಾದ ಮೇಲೆ ಟಾರಿನ ಮೇಲೆ ಬಿಳಿ ಪಟ್ಟೆ, ಹಳದಿ ಪಟ್ಟೆ, ಬಾಣದ ಗುರುತು ಬಳಿಯುವ ತಂಡದ ಮೇಸ್ತ್ರಿ. ಕೆಲಸಕ್ಕೆ ಕಣ್ಣು ಪರೀಕ್ಷೆ ಕಡ್ಡಾಯವೆಂದು ಅಂಗಡಿಗೆ ಬಂದಿದ್ದ.

"ಇದಾ, ಇದಾ?"

"ಎರಡೂ ಚೆನ್ನಾಗಿದೆ ಮೇಡಂ."

"ಸರಿಯಾಗಿ ನೋಡಿ ಹೇಳಿ."

"ಸರಿಯಾಗೇ ನೋಡ್ತಿದೀನಿ ಮೇಡಂ."

ಅವನು ನೋಡುತ್ತಿದ್ದುದು ಗೋಡೆಯ ಮೇಲಿನ ಅಕ್ಷರಗಳನ್ನಲ್ಲ ಎಂದು ಹೊಳೆಯುವಷ್ಟರಲ್ಲಿ ಅವಳ ಕಿವಿ ಬಿಸಿಯಾಗಿತ್ತು. ಆಚೆ ಕಡೆ ಗಾಜು ಉಜ್ಜುತ್ತಿದ್ದ, ಅಂಗಡಿಯವರೆಲ್ಲ ಲೆನ್ಸ್ ಅಕ್ಕ ಎಂದು ಕರೆಯುವ ಸಹೋದ್ಯೋಗಿ ಕತ್ತು ಚಾಚಿ, "ಕಣ್ಣು ಸರಿಯಾಗೇ ಇದೆ ಕಣೇ. ಕೆಟ್ಟಿರೋದು ಬೇರೆ ಏನೋ" ಎಂದಿದ್ದಳು. ಅವನು ಮತ್ತೆರಡು ಸಲ 'ಸಂಶಯ ಬಂತು' ಎಂದು ಪರೀಕ್ಷೆಗೆ ಬಂದ. ಮೂರನೆಯ ಸಲ ಅವಳೇ ದೀಪ ಹಾಕಿ, "ನಿಮಗೆ ಕನ್ನಡಕ ಬೇಡ. ಏನು ಬೇಕು ಹೇಳಿ" ಎಂದಳು. ಅವನು ಉಗುರಿನ ಸಂದಿಯ ಹಳದಿ ಬಣ್ಣ ಕೆರೆಯುತ್ತ ಕೂತುಬಿಟ್ಟ. ಆ ಪ್ರಶ್ನೆಗೂ ಉತ್ತರ ಕೊಟ್ಟವಳು ಅವಳೇ.

ಆಗ ಅದೆಲ್ಲ ಮುದ್ದಾಗಿತ್ತು. ಈಗ ಎಂಟು ತಿಂಗಳು ತುಂಬಿದ ಹೊಟ್ಟೆ ಹೊತ್ತು, ಊದಿದ ಕಾಲನ್ನು ಸ್ಟೂಲಿನ ಮೇಲಿಟ್ಟು ಕೂತವಳಿಗೆ ಅದು ಅಷ್ಟೇನೂ ಮುದ್ದಾಗಿ ಕಾಣುತ್ತಿರಲಿಲ್ಲ.

"ತೊಟ್ಟಿಲು ಕಿಟಕಿ ಹತ್ತಿರ ಇಡೋಣ್ವಾ, ಗೋಡೆ ಹತ್ತಿರ ಇಡೋಣ್ವಾ?"

"ಎಲ್ಲಿಟ್ರೂ ಚೆನ್ನಾಗಿರುತ್ತೆ."

"ಪರದೆ ತಿಳಿ ಹಸಿರು ತರ್ಲಾ, ಕೆನೆ ಬಣ್ಣ ತರ್ಲಾ?"

"ಎರಡೂ ಒಳ್ಳೇ ಬಣ್ಣಾನೇ."

"ರೀ, ನಾಳೆ ನಿಮ್ಮ ಮುಂದೆ ಎರಡು ಮಗು ತಂದಿಟ್ಟು ಯಾವುದು ನಿಮ್ಮದು ಅಂದ್ರೆ?"

ಅವನು ಗಂಭೀರವಾಗಿ ಯೋಚಿಸಿ, "ಎರಡೂ ನಮ್ಮದೇ ಅಂತ ಎತ್ಕೊಂಡು ಬರ್ತೀನಿ" ಎಂದ. ಅವಳು ಕೈಯಲ್ಲಿದ್ದ ಪುಟ್ಟ ಟೋಪಿಯನ್ನು ಅವನ ಮುಖಕ್ಕೆ ಎಸೆದಳು. ಅವನು ಅದನ್ನು ಹಿಡಿದು ತನ್ನ ಮೊಣಕಾಲಿಗೆ ಹಾಕಿ ನೋಡಿದ. ಸರಿಯಾಗಿ ಕೂತಿತು. ಇಷ್ಟು ಸಣ್ಣ ತಲೆಯಾ ಎಂದು ಇಬ್ಬರೂ ಆ ಮೊಣಕಾಲನ್ನೇ ನೋಡಿದರು.

ಮನೆಯೆಂದರೆ ಬೈಕ್ ಗ್ಯಾರೇಜಿನ ಮೇಲಿನ ಮೂರನೆಯ ಮಹಡಿಯಲ್ಲಿ ಎರಡು ಕೋಣೆ, ಒಂದು ಅಡುಗೆಮನೆ. ಅವನ ಅತ್ತಿಗೆ ಕೊಟ್ಟ ತೊಟ್ಟಿಲಿನ ಒಂದು ಕಾಲು ಕುಂಟುತ್ತಿತ್ತು. ಅವನು ಅದಕ್ಕೆ ಮರದ ಬಿಲ್ಲೆ ಕೂರಿಸಿ, ಒಳಗೆ ನೀರು ತುಂಬಿದ ಬಕೆಟ್ ಇಟ್ಟು ತೂಗಿ ಪರೀಕ್ಷಿಸಿದ್ದ. ಅವಳು ಹಳೆಯ ಹತ್ತಿ ಬೆಡ್‌ಶೀಟುಗಳನ್ನು ಚೌಕ ಚೌಕ ಕತ್ತರಿಸಿ ಕುದಿಸಿ ಒಣಗಿಸಿದ್ದಳು. ಮೆತ್ತಗಿನ ಟವೆಲ್ಲು, ರಬ್ಬರ್ ಶೀಟು, ಕಾಲುಚೀಲಗಳು ಬೀರುವಿನ ಕೆಳಗಿನ ಅರೆಯಲ್ಲಿ ಕೂತಿದ್ದವು. ಮಗುವಿನ ಕಾಲುಚೀಲ ಜೊತೆಯಾಗಿ ಇರುವುದು ಮಗು ಹುಟ್ಟುವವರೆಗೆ ಮಾತ್ರ ಎನ್ನುವುದು ಅವಳಿಗಿನ್ನೂ ಗೊತ್ತಿರಲಿಲ್ಲ. ದಿನಕ್ಕೊಮ್ಮೆ ತೆಗೆದು, ಜೋಡಿಸಿ, ಮತ್ತೆ ಇಡುತ್ತಿದ್ದಳು.

ಹೀಗಿರುವಾಗ ಅಮ್ಮನ ಫೋನು ಬಂತು. ಅಮ್ಮ ಆಸ್ಪತ್ರೆಯೊಂದರ ಬಟ್ಟೆ ತೊಳೆಯುವ ವಿಭಾಗವನ್ನು ಬಹಳ ವರ್ಷ ನಡೆಸಿ ನಿವೃತ್ತಳಾದವಳು. ಮಾತಿಗೂ ಇಸ್ತ್ರಿ ಹಾಕಿಯೇ ಆಡುವವಳು.

"ನೋಡು, ಇಲ್ಲಿಗೆ ಬಂದ್ಬಿಡು. ಲಿಫ್ಟ್ ಇದೆ, ಎದುರಿಗೇ ಆಸ್ಪತ್ರೆ ಇದೆ, ನಾನಿದೀನಿ. ಅಲ್ಲಿ ಏನಿದೆ? ಮೂರು ಮಹಡಿ ಮೆಟ್ಟಿಲು, ಕೆಳಗೆ ಗ್ಯಾರೇಜು, ರಾತ್ರಿ ಆದ್ರೆ ಗಂಡನೂ ಇರಲ್ಲ. ಹೆರಿಗೆ ಆಗಿ ನಾಲ್ಕು ತಿಂಗಳು ನನ್ನ ಹತ್ರ ಇದ್ದು ಆಮೇಲೆ ಹೋಗು. ಭಾನುವಾರ ನಾನೇ ಬಂದು ಕರ್ಕೊಂಡು ಹೋಗ್ತೀನಿ."

ಅಮ್ಮನ ಮಾತಿನಲ್ಲಿ ತಪ್ಪು ಹುಡುಕಲು ಏನೂ ಇರಲಿಲ್ಲ. ಅದೇ ಕಷ್ಟವಾದದ್ದು. ಮರುದಿನ ಬೆಳಿಗ್ಗೆ ಅವನು ಕೆಲಸ ಮುಗಿಸಿ ಬಂದು ನಲ್ಲಿಯ ಕೆಳಗೆ ಕೈ ಉಜ್ಜುತ್ತಿದ್ದಾಗ ಅವಳು ಟವೆಲ್ಲು ಹಿಡಿದು ನಿಂತಳು.

"ಅಮ್ಮ ಕರೀತಿದಾಳೆ. ಹೋಗ್ಲಾ? ಇಲ್ಲೇ ಇರ್ಲಾ?"

ಅವನ ಕೈ ನಿಂತಿತು. ನೀರು ಮಾತ್ರ ಸುರಿಯುತ್ತಿತ್ತು. ಅವನ ಕುತ್ತಿಗೆಯ ಹಿಂದೆ ಬಿಳಿ ಬಣ್ಣದ ಒಂದು ಹನಿ ಒಣಗಿತ್ತು. ಅದನ್ನು ಉಗುರಿನಿಂದ ಎಬ್ಬಿಸಬೇಕೆಂದು ಅವಳ ಬೆರಳು ತುರಿಸಿತು. ಈಗ ಹೇಳುತ್ತಾನೆ, ಈಗ ಹೇಳುತ್ತಾನೆ ಎಂದು ಕಾದಳು.

"ನಿಂಗೆ ಎಲ್ಲಿ ಅನುಕೂಲವೋ ಅಲ್ಲಿರು. ಎರಡೂ ಒಳ್ಳೇದೇ."

ಅವಳು ಟವೆಲ್ಲನ್ನು ಅವನ ಹೆಗಲಿಗೆ ಹಾಕಿ, ಒಳಗೆ ಹೋಗಿ, ಭಾನುವಾರ ಬಾ ಎಂದು ಅಮ್ಮನಿಗೆ ಹೇಳಿದಳು.

ಆಮೇಲೆ ಆ ಮನೆಯಲ್ಲಿ ಮಾತಿಗೆ ಬರ ಬಂತು. ಜಗಳವೇನೂ ಇಲ್ಲ. "ಟೀ ಇದೆ." "ಹೂಂ." "ಮಾತ್ರೆ ತಗೊಂಡ್ಯಾ?" "ಹೂಂ." ಅವನು ಬರುವ ಹೊತ್ತಿಗೆ ಅವಳು ಏಳುವುದು, ಅವನು ಮಲಗುವ ಹೊತ್ತಿಗೆ ಅವಳು ಅಂಗಡಿಗೆ ಹೊರಡುವುದು. ನಡುವೆ ಸಿಗುವ ಬೆಳಗಿನ ಆ ಸ್ವಲ್ಪ ಹೊತ್ತೇ ಅವರ ಸಂಸಾರವಾಗಿತ್ತು. ಅದಕ್ಕೂ ಈಗ ಹುಳಿ ಬಿತ್ತು. ಅವಳು ಅವನ ಎದುರೇ ಬ್ಯಾಗು ತುಂಬಿಸಿದಳು, ಬೇಕೆಂದೇ ನಿಧಾನವಾಗಿ. ಪುಟ್ಟ ಟೋಪಿ ಹಾಕಿದಳು, ತೆಗೆದಳು, ಮತ್ತೆ ಹಾಕಿದಳು. ಅವನು ಬಂದು ಬ್ಯಾಗಿನ ಕಚ್ಚಿಕೊಂಡ ಜಿಪ್ಪಿಗೆ ಮೇಣದಬತ್ತಿ ಉಜ್ಜಿ ಸರಿಮಾಡಿ ಕೊಟ್ಟ. ಸುಲಭವಾಗಿ ಮುಚ್ಚುವಂತೆ! ಅವಳಿಗೆ ಆ ಜಿಪ್ಪನ್ನೇ ಕಿತ್ತೆಸೆಯಬೇಕೆನಿಸಿತು.

"ಬಾಯಿ ಬಿಟ್ಟು ಕೇಳೇ, ನಾನು ಇರ್ಬೇಕಾ ಬೇಡ್ವಾ ಅಂತ" ಎಂದಳು ಅಂಗಡಿಯಲ್ಲಿ ಲೆನ್ಸ್ ಅಕ್ಕ.

"ಕೇಳಿದ್ದಾಯ್ತಲ್ಲ. ಇನ್ನು ಹೇಳಿಕೊಟ್ಟು ಹೇಳಿಸ್ಕೊಳ್ಳೋ ಮಾತು ನಂಗೆ ಬೇಡ ಅಕ್ಕ. ಅವರಿಗೆ ಅವರಾಗೇ ಅನ್ನಿಸ್ಬೇಕು."

"ಅನ್ನಿಸ್ದೇ ಇರುತ್ತಾ? ಆ ಮನುಷ್ಯ ನಿನ್ನ ಮುಖ ನೋಡೋಕೆ ಮೂರು ಸಲ ಕಣ್ಣು ಪರೀಕ್ಷೆ ಮಾಡಿಸ್ಕೊಂಡವನು."

"ಹಂಗಾದ್ರೆ ನಾಲ್ಕು ತಿಂಗಳು ನಾನಿಲ್ದೆ ಇದ್ರೂ ಆಗುತ್ತೆ ಅಂತ ಹೇಗೆ ಅಂದ್ರು?" ಅವಳ ದನಿ ಒಡೆಯಿತು. ಅಕ್ಕ ಗಾಜು ಒರೆಸುವ ಮೆತ್ತನೆಯ ಬಟ್ಟೆಯನ್ನೇ ಅವಳ ಕೈಗೆ ಕೊಟ್ಟು, "ತಗೋ, ಗೀರು ಬೀಳಲ್ಲ" ಎಂದಳು. ಅಳುತ್ತಲೇ ಅವಳಿಗೆ ನಗು ಬಂತು.

ಶನಿವಾರ ಹೆರಿಗೆ ರಜೆಗೆ ಮುಂಚಿನ ಕೊನೆಯ ಕೆಲಸದ ದಿನ. ಸಂಜೆ ಬೇಗ ಬಿಟ್ಟರು. ಅವಳು ಒಂದು ಕೈ ಸೊಂಟಕ್ಕೆ, ಒಂದು ಕೈ ಕಂಬಿಗೆ ಕೊಟ್ಟು ಮೆಟ್ಟಿಲು ಹತ್ತುತ್ತಿದ್ದಳು. ಎರಡನೆಯ ಮಹಡಿ ದಾಟುತ್ತಲೇ ವಾಸನೆ ಮೂಗಿಗೆ ಹೊಡೆಯಿತು. ಪೇಂಟಿನದು. 

ಬಾಗಿಲು ತೆರೆದಿತ್ತು. ಅವಳು ಹೊಸಿಲ ಹೊರಗೇ ನಿಂತುಬಿಟ್ಟಳು.

ಮನೆಯೊಳಗೆ ರಸ್ತೆಯಿತ್ತು.

ಮಂಚದಿಂದ ಬಚ್ಚಲಿಗೆ ತುಂಡು ತುಂಡು ಬಿಳಿ ಗೆರೆ. ಮಂಚದಿಂದ ಅಡುಗೆಮನೆಗೆ ಇನ್ನೊಂದು. ಬೀರುವಿನ ಮೂಲೆಯಲ್ಲಿ, ಅವಳು ವಾರಕ್ಕೊಮ್ಮೆಯಾದರೂ ಕಾಲಿನ ಕಿರುಬೆರಳು ಜಜ್ಜಿಕೊಳ್ಳುವ ಕಡೆ, ಅಪಾಯಕಾರಿ ತಿರುವಿನ ಗುರುತು. ಒಲೆಯ ಮುಂದೆ ಜೀಬ್ರಾ ಪಟ್ಟೆ. ಕಿಟಕಿಯ ಬಳಿ ತೊಟ್ಟಿಲು. ಅದರ ಸುತ್ತ ಹಳದಿ ಚೌಕ, ಅಡ್ಡಡ್ಡ ಗೀಟುಗಳು, ಆಂಬುಲೆನ್ಸ್ ನಿಲ್ಲುವ ಜಾಗಕ್ಕೆ ಬಳಿಯುವಂಥವು. ಬಾಗಿಲಿನ ಒಳಗೆ, ಅವಳ ಕಾಲ ಬುಡದಲ್ಲೇ, ಉದ್ದುದ್ದಕ್ಕೆ ಎಳೆದ ಅಕ್ಷರಗಳಲ್ಲಿ 'ನಿಧಾನ' ಎಂದು ಬರೆದಿತ್ತು.

ಇದೆಲ್ಲದರ ನಡುವೆ ಅವಳ ಗಂಡ ಬ್ರಷ್ಷು ಹಿಡಿದು ಮಂಡಿಯೂರಿದ್ದ. ಬೆಳಿಗ್ಗೆಯಿಂದ ಕಣ್ಣು ಮುಚ್ಚಿಲ್ಲ ಎನ್ನುವುದು ಮುಖದಲ್ಲೇ ಕಾಣುತ್ತಿತ್ತು. ಮೂಗಿನ ತುದಿಯಲ್ಲಿ ಹಳದಿ.

"ಏನ್ರೀ ಇದು?"

"ನಿಂಗೋಸ್ಕರ."

"ನಂಗೋಸ್ಕರ ಹೈವೇನಾ?"

"ನೋಡು ಇಲ್ಲಿ." ಅವನು ಉತ್ಸಾಹದಿಂದ ಕಿಟಕಿಯ ಪರದೆ ಎಳೆದು ಕೋಣೆ ಕತ್ತಲು ಮಾಡಿದ. ಕೈಯಲ್ಲಿದ್ದ ಸಣ್ಣ ಟಾರ್ಚನ್ನು ಹಚ್ಚಿದ. ಗೆರೆಗಳೆಲ್ಲ ಒಮ್ಮೆಲೇ ಬೆಳ್ಳಗೆ ಹೊಳೆದವು. "ಗಾಜಿನ ಪುಡಿ ಉದುರಿಸಿದೀನಿ, ರಸ್ತೆಗೆ ಹಾಕೋದೇ. ಕಾಲಿಗೆ ಚುಚ್ಚಲ್ಲ, ಕೈಯಾಡಿಸಿ ನೋಡಿದೀನಿ. ರಾತ್ರಿ ಮಗು ಎದ್ರೆ ದೊಡ್ಡ ದೀಪ ಹಾಕ್ಬೇಕಾಗಿಲ್ಲ. ಈ ಟಾರ್ಚ್ ಹಿಡ್ಕೊಂಡು ಅರೆ ನಿದ್ದೇಲಿ ಇದರ ಮೇಲೆ ನಡ್ಕೊಂಡು ಹೋದ್ರೆ ಸಾಕು. ಎಲ್ಲೂ ಎಡವಲ್ಲ. ನಾನು ಆ ಹೊತ್ತಲ್ಲಿ ಎಲ್ಲೋ ರಸ್ತೇಲಿ ಇರ್ತೀನಿ. ಕೈ ಹಿಡ್ಕೊಳ್ಳೋಕೆ ನಾನಿರಲ್ವಲ್ಲ, ಅದಕ್ಕೆ..."

ಅವಳ ಎದೆಯೊಳಗೆ ಏನೋ ಕರಗಿ ಕಣ್ಣಿಗೆ ಬಂತು. ಅದರ ಬೆನ್ನಿಗೇ ಬೇರೇನೋ ಗಂಟಲಿಗೆ ಬಂತು. ಕರ್ಚೀಫು ಬಾಯಿಗೆ ಒತ್ತಿಕೊಂಡು ಮೆಟ್ಟಿಲಿನ ಮೇಲೆ ಕೂತುಬಿಟ್ಟಳು.

"ಏನಾಯ್ತು? ನೋವಾ?" ಅವನು ಗಾಬರಿಯಿಂದ ಓಡಿಬಂದ. ಅವನೊಂದಿಗೆ ವಾಸನೆಯೂ ಓಡಿಬಂತು. ಅವಳು ಕೈಯಿಂದಲೇ ದೂರ ನಿಲ್ಲಿಸಿದಳು.

"ವಾಸನೆ ರೀ!"

"ವಾಸನೆನಾ? ಯಾವ ವಾಸನೆ?" ಅವನು ಗಾಳಿಯನ್ನು ಮೂಸಿದ. ಅಂಗಿಯನ್ನು ಮೂಸಿದ. ಪಾಪ, ಅವನಿಗೆ ನಿಜಕ್ಕೂ ಏನೂ ತಿಳಿಯಲಿಲ್ಲ. ಅಷ್ಟು ವರ್ಷ ಪೇಂಟಿನ ಡಬ್ಬಗಳ ನಡುವೆ ಉಸಿರಾಡಿದ ಮೂಗಿಗೆ ಅದೇ ಗಾಳಿ, ಅದೇ ಲೋಕ.

ಕೆಳಗಿನ ಮನೆಯ ಟೀಚರಮ್ಮ ಮೂಗು ಮುಚ್ಚಿಕೊಂಡು ಮೆಟ್ಟಿಲ ತಿರುವಿನಲ್ಲಿ ಕಾಣಿಸಿಕೊಂಡರು. "ಏನಪ್ಪಾ, ಡಾಂಬರು ಯಾವಾಗ ಹಾಕ್ತೀರಾ? ಬಸ್ ಸ್ಟಾಪ್ ನಮ್ಮನೆ ಮುಂದೆ ಬರೋ ಹಂಗೆ ನೋಡ್ಕೊಳ್ಳಿ." ಬಗ್ಗಿ ಒಳಗೆ ನೋಡಿದವರು, "ಓನರ್ ನೋಡಿದ್ರೆ ಟೋಲ್ ಗೇಟ್ ಹಾಕ್ತಾರೆ ಅಷ್ಟೇ" ಎಂದು ಅವಳಿಗೆ ಒಂದು ಲೋಟ ತಣ್ಣೀರು ತಂದುಕೊಟ್ಟು ಹೋದರು.

ಅವನು ನಾಲ್ಕು ಮೆಟ್ಟಿಲು ದೂರ ಕೂತ. ತಪ್ಪು ಮಾಡಿ ಸಿಕ್ಕಿಬಿದ್ದ ಮಗುವಿನ ಹಾಗೆ ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡ.

"ಎಷ್ಟು ದಿನ ಇರುತ್ತೆ ಇದು?" ಎಂದಳು.

"ರಸ್ತೇಲಾದ್ರೆ ಗಾಳಿಗೆ ಹೋಗ್ಬಿಡುತ್ತೆ. ಮನೇಲಿ... ನಂಗೆ ಗೊತ್ತಿಲ್ಲ. ಮನೇಲಿ ಯಾವತ್ತೂ ಎಳೆದಿಲ್ವಲ್ಲ." ತಡೆದು ತಡೆದು ಸೇರಿಸಿದ: "ಹೆಂಗೂ ನೀನು ಮಗೂನ ಎತ್ಕೊಂಡು ವಾಪಸ್ ಬರೋ ಹೊತ್ತಿಗೆ ಹೋಗಿರುತ್ತೆ."

ಅವಳು ನೀರಿನ ಲೋಟವನ್ನು ಮೆಲ್ಲನೆ ಕೆಳಗಿಟ್ಟಳು. ಅಂದರೆ ಹೋಗುವುದು ಅವನ ಲೆಕ್ಕದಲ್ಲಿ ಮುಗಿದ ಮಾತು. ಈ ಗೆರೆಗಳೆಲ್ಲ ತಾನು ವಾಪಸ್ ಬಂದ ಮೇಲಿನವು. ಅದಕ್ಕೆ ಮುಂಚಿನ ದಿನಗಳಿಗೆ ಅವನಲ್ಲಿ ಒಂದು ಮಾತೂ ಇಲ್ಲ.

ಅಷ್ಟರಲ್ಲಿ ಕೆಳಗೆ ಟ್ಯಾಕ್ಸಿ ನಿಂತ ಸದ್ದಾಯಿತು. ಭಾನುವಾರದ ತನಕ ತಡೆಯಲಾಗದೆ ಅಮ್ಮ ಶನಿವಾರವೇ ಬಂದಿದ್ದಳು. ಮೇಲೆ ಬಂದವಳು ಮೊದಲು ಮಗಳ ಮುಖ ನೋಡಿದಳು, ಆಮೇಲೆ ತೆರೆದ ಬಾಗಿಲು ನೋಡಿದಳು.

"ಬಸುರಿ ಇರೋ ಮನೇಲಿ ಇದೇನು ನಾತ!"

"ಅತ್ತೆ, ನಂಗೆ ಗೊತ್ತಾಗ್ಲಿಲ್ಲ..."

"ನಿಮ್ಮ ಮೂಗು ಯಾವತ್ತೋ ರಿಟೈರ್ ಆಗಿದೆ ಅಳಿಯಂದ್ರೇ. ನಡಿಯೇ, ನಾಳೆ ತನಕ ಏನು ಕಾಯೋದು? ಟ್ಯಾಕ್ಸಿ ಇನ್ನೂ ಹೋಗಿಲ್ಲ."

ಅವಳು ಗಂಡನನ್ನು ನೋಡಿದಳು. ಅವನು ಎದ್ದ. ಮೂಗು ಹಿಡಿಯಬೇಕಾದ ಕಷ್ಟವಿಲ್ಲದೆ ಮನೆಯೊಳಗೆ ಹೋದ. ಹಸಿ ಗೆರೆ ತುಳಿಯದಂತೆ ದಾಟಿಕೊಂಡು ಬ್ಯಾಗು ತಂದ. ಹೆಗಲಿಗೆ ಹಾಕಿ ಅವಳ ಮುಂದೆ ಮುಂದೆ ಮೆಟ್ಟಿಲಿಳಿದ. ಮೂರು ಮಹಡಿಯುದ್ದಕ್ಕೂ ಅವಳು ಅವನ ಬೆನ್ನನ್ನೇ ನೋಡಿದಳು.

ಬ್ಯಾಗು ಡಿಕ್ಕಿಗೆ ಹೋಯಿತು. ಅಮ್ಮ ಒಳಗೆ ಕೂತಳು. ಅವಳೂ ಕೂತಳು. ಅವನು ಬಾಗಿಲು ಮುಚ್ಚಿದ, ಸದ್ದಾಗದಂತೆ.

"ಫೋನ್ ಮಾಡು" ಎಂದ.

"ಹೂಂ" ಎಂದಳು.

ಡ್ರೈವರ್ ಗಾಡಿ ಹೊರಡಿಸಿದ. ಗ್ಯಾರೇಜಿನ ಮುಂದೆ ನಿಂತಿದ್ದ ಬೈಕುಗಳನ್ನು ಬಳಸಿ ಗಾಡಿ ತಿರುಗಿತು. ತಿರುಗುವುದಕ್ಕೂ ಎದುರಿಗೆ ಅವನು ಬಂದು ನಿಲ್ಲುವುದಕ್ಕೂ ಸರಿಹೋಯಿತು. ಕಾಲು ಅಗಲಿಸಿ, ಒಂದು ಅಂಗೈ ಮುಂದಕ್ಕೆ ಚಾಚಿ. ಕೆಲಸದ ಜಾಗದಲ್ಲಿ ನುಗ್ಗಿ ಬರುವ ಲಾರಿಗಳನ್ನು ಅವನು ನಿಲ್ಲಿಸುವುದು ಹಾಗೆಯೇ. ಡ್ರೈವರಿನ ಕಾಲು ತಾನಾಗಿ ಬ್ರೇಕಿನ ಮೇಲೆ ಬಿತ್ತು.

"ಏನ್ ಸಾರ್, ಹಿಂಗೆ ಅಡ್ಡ ಬರೋದಾ!"

ಅವನು ಡ್ರೈವರನ್ನು ನೋಡಲಿಲ್ಲ. ಅವಳ ಕಿಟಕಿಯ ಬಳಿ ಬಂದ. ವಾಸನೆ ತಾಗಬಾರದೆಂದು ಎರಡು ಹೆಜ್ಜೆ ದೂರ ನಿಂತ. ಹಾಗಾಗಿ ಮಾತು ಜೋರಾಗಿಯೇ ಆಡಬೇಕಾಯಿತು. ಗ್ಯಾರೇಜಿನವರು ಸ್ಪ್ಯಾನರು ಹಿಡಿದು ನಿಂತರು.

"ಹೋಗ್ಬೇಡ."

ಅವಳು ಕಿಟಕಿಯ ಗಾಜು ಪೂರ್ತಿ ಇಳಿಸಿದಳು.

"ಅವತ್ತು ನೀನು ಕೇಳಿದಾಗ ನಾಲಿಗೆ ತುದೀಲೇ ಇತ್ತು. ಹೇಳೋಕೆ ಯೋಗ್ಯತೆ ಇಲ್ಲ ಅನ್ನಿಸ್ತು. ರಾತ್ರಿಯೆಲ್ಲ ಮನೇಲಿ ಇರದೋನು, ಈ ಮೆಟ್ಟಿಲು, ಈ ಗಲಾಟೆ ಇಟ್ಕೊಂಡು, ಇಲ್ಲೇ ಇರು ಅಂತ ಯಾವ ಬಾಯಲ್ಲಿ ಹೇಳ್ಲಿ? ಆದ್ರೆ ಬೆಳಿಗ್ಗೆ ಬಂದಾಗ ಮನೆಗೆ ಬೀಗ ಹಾಕಿರುತ್ತೆ, ನಾನೇ ತೆಗೀಬೇಕು ಅಂತ ನೆನೆಸ್ಕೊಂಡ್ರೆ ಕೈಕಾಲೇ ಆಡಲ್ಲ. ನಂಗೆ ನೀನು ಇಲ್ಲೇ ಬೇಕು. ಮಗು ಹುಟ್ಟಿದ ಸುದ್ದಿ ನಾನು ಫೋನಲ್ಲಿ ಕೇಳ್ಬಾರ್ದು." ಉಸಿರು ಎಳೆದುಕೊಂಡ. "ಹಗಲು ಕೆಲಸ ಕೇಳಿದೀನಿ. ಗೋಡೌನಲ್ಲಿ, ಡಬ್ಬ ತುಂಬಿಸೋದು. ಮಗು ಸ್ವಲ್ಪ ದೊಡ್ಡದಾಗೋ ತನಕ. ಆಮೇಲೆ ಮತ್ತೆ ನೈಟು. ಆ ಗೆರೆ ಎಳೆದಿದ್ದು ಆವಾಗಕ್ಕೆ."

"ಯಾವಾಗ ಕೇಳಿದ್ರಿ?"

"ಅವತ್ತೇ. ನಿನ್ನೆ ಒಪ್ಕೊಂಡ್ರು."

"ಮತ್ತೆ ನನಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ನಂಗೋಸ್ಕರ ಉಳ್ಕೊಂಡ್ಬಿಡ್ತೀಯ ಅಂತ."

"ನಿಮಗೋಸ್ಕರ ಅಲ್ದೆ ಇನ್ಯಾರಿಗೋಸ್ಕರ ರೀ ಉಳ್ಕೊಳ್ಲಿ?" ಅವಳು ಅಳುತ್ತ ಕೂಗಿದಳು. "ಈ ಗ್ಯಾರೇಜಿಗೋಸ್ಕರಾನಾ?"

ಗ್ಯಾರೇಜಿನವರು ಮರ್ಯಾದೆಯಿಂದ ಬೇರೆ ಕಡೆ ನೋಡಿದರು.

ಅಮ್ಮ ಮಡಿಲಲ್ಲಿದ್ದ ಕರ್ಚೀಫನ್ನು ನಾಲ್ಕು ಮಡಿಕೆ ಮಾಡಿ, ಅಂಚಿಗೆ ಅಂಚು ಕೂರಿಸಿ, ಬೆರಳಿನಿಂದ ತೀಡಿದಳು. ಮಗಳಿಗಾಗಿ ಹಾಸಿ ಸಿದ್ಧವಾಗಿಟ್ಟ ಮಂಚ, ತೊಳೆದು ಇಸ್ತ್ರಿ ಮಾಡಿಟ್ಟ ಪುಟ್ಟ ಹೊದಿಕೆಗಳು ಅವಳ ಕಣ್ಣ ಮುಂದೆ ಒಮ್ಮೆ ಬಂದಿರಬೇಕು.

"ಈ ವಾಸನೇಲಿ ಮಾತ್ರ ಇವಳನ್ನ ಬಿಡಲ್ಲ" ಎಂದಳು ಕೊನೆಗೆ. "ಅದು ಹೋಗೋ ತನಕ ನಮ್ಮನೆ. ಹೋದ್ಮೇಲೆ ನಾನೇ ಕರ್ಕೊಂಡು ಬರ್ತೀನಿ. ಬಂದು ನಾನೂ ಇಲ್ಲೇ ಇರ್ತೀನಿ, ಹೆರಿಗೆ ಆಗಿ ಮಗು ಒಂದು ಹದಕ್ಕೆ ಬರೋ ತನಕ. ನಾನು ಮಲಗೋದು ಯಾವ ಲೇನಲ್ಲಿ, ಅದನ್ನ ಮಾತ್ರ ಈಗ್ಲೇ ಹೇಳ್ಬಿಡಿ."

ಅವನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. "ನೀವು... ನೀವು ಎಲ್ಲಿ ಬೇಕಾದ್ರೂ ಅತ್ತೆ."

"ಎಲ್ಲಿ ಬೇಕಾದ್ರೂ ಅಲ್ಲ. ಕಿಟಕಿ ಪಕ್ಕ. ಈಗ ಹತ್ತಿ ಗಾಡಿ. ಇಲ್ಲಿ ಒಬ್ಬರೇ ಕೂತು ಆ ನಾತ ಕುಡೀತೀರಾ? ಡ್ರೈವರೇ, ಮುಂದಿನ ಸೀಟಿಗೆ ಪೇಪರ್ ಹಾಸಪ್ಪ. ಇವರು ಕೂತ್ರೆ ಅಚ್ಚು ಬೀಳುತ್ತೆ."

ಅವನು ಮುಖ ತೊಳೆದು ಬಾಗಿಲಿಗೆ ಬೀಗ ಹಾಕಿ ಓಡೋಡಿ ಬಂದ. ಮುಂದಿನ ಸೀಟಿನಲ್ಲಿ ಪೇಪರಿನ ಮೇಲೆ ಮುದುಡಿ ಕೂತ. ಗಾಡಿ ದೊಡ್ಡ ರಸ್ತೆಗೆ ಸೇರಿತು. ಬಣ್ಣ ಮೆತ್ತಿದ ಎಡಗೈಯನ್ನು ಅವನು ಕಿಟಕಿಯಿಂದ ಆಚೆಗೆ ಚಾಚಿದ್ದ, ವಾಸನೆ ಹಿಂದಕ್ಕೆ ಬಾರದಿರಲೆಂದು. ಅವನ ಬೆನ್ನ ಹಿಂದೆಯೇ ಕೂತಿದ್ದ ಅವಳು ಆ ಕೈಯನ್ನೇ ನೋಡುತ್ತಿದ್ದಳು. ಸಂಜೆಯ ಬಿಸಿಲು ಅದರ ಮೇಲೆ ಬಿದ್ದು, ಅಂಟಿದ ಗಾಜಿನ ಪುಡಿ ಮಿಣಮಿಣ ಎನ್ನುತ್ತಿತ್ತು.

ಅವಳು ತನ್ನ ಕೈಯನ್ನೂ ಕಿಟಕಿಯಾಚೆ ಹಾಕಿದಳು.

"ಒಳಗೆ ತಗೋ" ಎಂದ ಅವನು, ಪಕ್ಕದ ಕನ್ನಡಿಯಲ್ಲಿ ನೋಡಿ. "ಗಾಡಿ ಬರ್ತಿರ್ತಾವೆ."

"ನೀವು ತಗೊಳ್ಳಿ ಮೊದ್ಲು."

"ನಂದು ವಾಸನೆ."

"ಇರ್ಲಿ. ಅಭ್ಯಾಸ ಮಾಡ್ಕೋತೀನಿ. ನಿಧಾನಕ್ಕೆ."

ಕನ್ನಡಿಯಲ್ಲಿ ಅವನ ಕಣ್ಣು ಅವಳ ಕಣ್ಣನ್ನು ಹಿಡಿದು ಬಿಡಲಿಲ್ಲ. ಮುಂದೆ ಸಿಗ್ನಲ್ ಕೆಂಪಾಯಿತು. ಗಾಡಿ ನಿಂತಿತು. ಅವನು ಕೈಯನ್ನು ಮೆಲ್ಲಗೆ ಹಿಂದಕ್ಕೆ ತಂದ, ಅವಳು ಮುಂದಕ್ಕೆ ಚಾಚಿದಳು. ಬಾಗಿಲ ಹೊರಗೆ, ಬಿಸಿ ತಗಡಿನ ಮೇಲೆ, ಬೆರಳಿಗೆ ಬೆರಳು ಸಿಕ್ಕಿತು. ಒಳಗೆ ಮಗು ಒಮ್ಮೆ ಜೋರಾಗಿ ಒದ್ದಿತು. ಅವಳು ಅವನ ಬೆರಳನ್ನು ಅಷ್ಟೇ ಜೋರಾಗಿ ಅದುಮಿದಳು, ಸುದ್ದಿ ಮುಟ್ಟಿಸುವವಳಂತೆ.

"ಒದೀತಾ ಈಗ?" ಎಂದ ಅವನು, ತಿರುಗದೆ.

"ಹೂಂ. ಈಗ."

ಸಿಗ್ನಲ್ ಹಸಿರಾಯಿತು. ಹಿಂದಿನ ಗಾಡಿಗಳು ಹಾರ್ನ್ ಬಡಿಯತೊಡಗಿದವು. ಡ್ರೈವರ್ ಗೇರಿನ ಮೇಲೆ ಕೈಯಿಟ್ಟು, ಕನ್ನಡಿಯಲ್ಲಿ ಆ ಎರಡು ಕೈಗಳನ್ನು ನೋಡಿ, ಅಮ್ಮನ ಕಡೆ ತಿರುಗಿದ.

"ಇರಪ್ಪ, ಒಂದು ನಿಮಿಷ" ಎಂದಳು ಅಮ್ಮ.